ಎರಡು ದಡಗಳ ಎರ್ಡೆಪ್ಫೆಲ್‌ಕಾಸ್

(ಹಾಸನದಲ್ಲಿ ಗೆಳೆಯರು ಸೇರಿಸಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಾಸನದಲ್ಲಿ ನಿಂತು ಆಲೂಗಡ್ಡೆಯ ಬಗ್ಗೆ ಮಾತಾಡಲು ಧೈರ್ಯ ಬೇಕು. ಜಲಂಧರದಿಂದ ಬಂದ ಬಿತ್ತನೆ ಗಡ್ಡೆಯನ್ನು ಕೊಯ್ದು, ಮಳೆ ನೋಡಿಕೊಂಡು ನೆಟ್ಟು, ಅಂಗಮಾರಿ ಹತ್ತಿತೋ ಏನೋ ಎಂದು ಬೆಳಗ್ಗೆ ಎದ್ದು ಎಲೆ ಮಗುಚಿ ನೋಡುವವರು ಈ ಸಭೆಯಲ್ಲೇ ಇದ್ದೀರಿ. ಬೆಳೆಯ ವಿಚಾರದಲ್ಲಿ ನಾನು ನಿಮಗೆ ಹೇಳುವಂಥದ್ದು ಏನೂ ಇಲ್ಲ. ನಾನು ತಂದಿರುವುದು ಒಂದು ತಿನಿಸಿನ ಸುದ್ದಿ. ಆಸ್ಟ್ರಿಯಾ ದೇಶದ ಹಳ್ಳಿಗಳಲ್ಲಿ ಸಂಜೆ ಹೊತ್ತು ಬ್ರೆಡ್ಡಿಗೆ ಸವರಿಕೊಂಡು ತಿನ್ನುವ, ಬೇಯಿಸಿದ ಆಲೂಗಡ್ಡೆಯ ಒಂದು ಸರಳ ತಿನಿಸು.

ಕೆಲಸದ ಮೇಲೆ ಎರಡು ವರ್ಷ ನಾನು ಷೇರ್ಡಿಂಗ್ ಎಂಬ ಸಣ್ಣ ಊರಿನಲ್ಲಿದ್ದೆ. ಇನ್ ನದಿಯ ದಡದ ಊರು. ಈ ದಡ ಆಸ್ಟ್ರಿಯಾ, ಸೇತುವೆ ದಾಟಿದರೆ ಜರ್ಮನಿಯ ಬವೇರಿಯಾ. ಹೋದ ಮೊದಲ ವಾರವೇ ಜೊತೆಯ ಕೆಲಸಗಾರರು ಊರಾಚೆಯ ಒಂದು ತೋಟದ ಮನೆಗೆ ಕರೆದುಕೊಂಡು ಹೋದರು. ಸೇಬು, ಪೇರ್ ಹಣ್ಣಿನ ರಸವನ್ನು ಹುದುಗಿಸಿ 'ಮೊಸ್ಟ್' ಎನ್ನುವ ಪಾನೀಯ ಮಾಡಿ ಮಾರುವ ರೈತರ ಮನೆ ಅದು. ದೊಡ್ಡದೊಂದು ಮರದ ಹಲಗೆಯ ಮೇಲೆ ಊಟ ಬಂತು. ಹೊಗೆ ಹಾಕಿದ ಮಾಂಸ, ಹುರಿದು ಆರಿಸಿದ ಮಾಂಸ, ಕೊಬ್ಬು, ಸಾಸೇಜು. ನಾನು ಸಸ್ಯಾಹಾರಿ. ಉಪ್ಪಿನಕಾಯಿ ಸೌತೆ ಬಿಟ್ಟರೆ ಕೈ ಹಾಕಲು ಏನೂ ಇರಲಿಲ್ಲ. ಹಲಗೆಯ ಮೂಲೆಯಲ್ಲಿ ಒಂದು ಪುಟ್ಟ ಮಣ್ಣಿನ ಬಟ್ಟಲು, ಅದರಲ್ಲಿ ಕೆನೆಬಣ್ಣದ ಮುದ್ದೆ, ಮೇಲೆ ಹಸಿರು ಉದುರಿಸಿದ್ದರು. 'ಅದನ್ನು ನೀನು ತಿನ್ನಬಹುದು, ಅದು ಕಾಸ್' ಎಂದರು. ಕಾಸ್ ಅಂದರೆ ಆ ಕಡೆಯ ಆಡುಮಾತಿನಲ್ಲಿ ಚೀಸು. ಬ್ರೆಡ್ಡಿಗೆ ದಪ್ಪಗೆ ಸವರಿ ಬಾಯಿಗಿಟ್ಟೆ. ಚೀಸಲ್ಲ! ಆಲೂಗಡ್ಡೆ, ಹಸಿ ಈರುಳ್ಳಿ, ಹುಳಿಕೆನೆ. ಬ್ರೆಡ್ಡನ್ನು ಅಗಿಯುತ್ತಾ ಹೋದರೆ ಅದರೊಳಗಿಂದ ಕೊತ್ತಂಬರಿ ಬೀಜದ ವಾಸನೆ, ಸೋಂಪಿನ ವಾಸನೆ. ಆ ಕಡೆಯ ರೈ ಧಾನ್ಯದ ಕಪ್ಪು ಬ್ರೆಡ್ಡಿಗೆ ಹಾಕುವ ಮಸಾಲೆಯೇ ಅದು. ಊರು ಬಿಟ್ಟ ಮೇಲೆ ಮೊದಲ ಸಲ ಹೊಟ್ಟೆ ತುಂಬ ತಿಂದದ್ದು ಆ ಸಂಜೆ. ಅಂದಿನಿಂದ ಈ ತಿನಿಸಿನ ಮೇಲೆ ನನಗೆ ಋಣ ಇದೆ.

ಹೆಸರು ಎರ್ಡೆಪ್ಫೆಲ್‌ಕಾಸ್. ಪುಸ್ತಕದ ಜರ್ಮನ್‌ನಲ್ಲಿ ಎರ್ಡೆಪ್ಫೆಲ್‌ಕೇಸೆ. ಎರ್ಡೆ ಎಂದರೆ ಭೂಮಿ, ಆಪ್ಫೆಲ್ ಎಂದರೆ ಸೇಬು, ಕೇಸೆ ಎಂದರೆ ಚೀಸು. ನೆಲದ ಸೇಬಿನ ಚೀಸು. ಆಸ್ಟ್ರಿಯಾದಲ್ಲಿ ಆಲೂಗಡ್ಡೆಗೆ ನೆಲದ ಸೇಬು ಎಂದೇ ಹೆಸರು. ಅದೇ ದೇಶದ ದಕ್ಷಿಣಕ್ಕೂ ಪೂರ್ವಕ್ಕೂ ಹೋದರೆ 'ಗ್ರುಂಡ್‌ಬಿರ್ನ್' ಅನ್ನುತ್ತಾರೆ, ಅಂದರೆ ನೆಲದ ಪೇರ್ ಹಣ್ಣು. ಆ ಪದವೇ ಸವೆದು ಕ್ರೊಯೇಷಿಯಾದಲ್ಲಿ ಕ್ರುಂಪಿರ್, ಹಂಗೇರಿಯಲ್ಲಿ ಕ್ರುಂಪ್ಲಿ ಆಯಿತು. ಹೊಸ ಗಡ್ಡೆ ಬಂದಾಗ ಜನ ಅದನ್ನು ತಮಗೆ ಗೊತ್ತಿದ್ದ ಹಣ್ಣಿನ ಪಕ್ಕ ಕೂರಿಸಿ ಹೆಸರಿಟ್ಟರು. ನಮ್ಮಲ್ಲೂ ಹಾಗೇ ತಾನೆ? ಇಲ್ಲಿ ಆಲೂಗಡ್ಡೆ, ಹುಬ್ಬಳ್ಳಿ ಕಡೆ ಬಟಾಟಿ, ಕರಾವಳಿಯಲ್ಲಿ ಬಟಾಟೆ, ಹಳಬರ ಬಾಯಲ್ಲಿ ಉರುಳಗಡ್ಡೆ.

ಈಗ ಆ 'ಚೀಸ್' ಎಂಬ ಮಾತಿಗೆ ಬರುತ್ತೇನೆ. ಅಲ್ಲಿನವರನ್ನು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ಬಡವರಿಗೆ ಚೀಸು ಮಾಡುವಷ್ಟು ಹಾಲು ಉಳಿಯುತ್ತಿರಲಿಲ್ಲ, ಅದಕ್ಕೆ ಆಲೂಗಡ್ಡೆಯನ್ನು ನಾದಿ ಚೀಸು ಅಂದುಕೊಂಡು ತಿಂದರು. ಬಡತನದ ಮಾತು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 'ಅಂದುಕೊಂಡು ತಿಂದರು' ಎನ್ನುವ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಜರ್ಮನ್ ಆಡುವವರು ಸೀಮೆದಾಳಿಂಬೆಯ, ಅಂದರೆ ಕ್ವಿನ್ಸ್ ಎಂಬ, ಹಣ್ಣನ್ನು ಸಕ್ಕರೆ ಹಾಕಿ ಗಟ್ಟಿಯಾಗುವಷ್ಟು ಕಾಯಿಸಿ ತುಂಡು ಮಾಡಿದ್ದಕ್ಕೂ ಕ್ವಿಟ್ಟೆನ್‌ಕೇಸೆ ಅನ್ನುತ್ತಾರೆ. ಮಾಂಸವನ್ನು ನುಣ್ಣಗೆ ಅರೆದು ಅಚ್ಚಿನಲ್ಲಿ ಬೇಯಿಸಿದ್ದಕ್ಕೆ ಲೇಬರ್‌ಕೇಸೆ ಅನ್ನುತ್ತಾರೆ. ಅಲ್ಲೆಲ್ಲ ಕೇಸೆ ಎನ್ನುವುದು ಆಕಾರದ ಮಾತು, ಮುದ್ದೆಗಟ್ಟಿ ನಿಂತದ್ದು ಎನ್ನುವ ಅರ್ಥ. ನಾವು ತೆಂಗಿನಕಾಯಿ ಹಾಲು ಅನ್ನುತ್ತೇವೆ, ಬೆಣ್ಣೆಹಣ್ಣು ಅನ್ನುತ್ತೇವೆ. ತೆಂಗಿನ ಹಾಲನ್ನು ಯಾರೂ ಹಸುವಿನ ಹಾಲಿನ ನಕಲು ಅಂದುಕೊಂಡು ಪಾಯಸಕ್ಕೆ ಹಾಕುವುದಿಲ್ಲ. ಇನ್ನೊಂದು ಸಂಗತಿ. ಜರ್ಮನಿಯ ಥುರಿಂಗಿಯಾ, ಸ್ಯಾಕ್ಸನಿ ಕಡೆ ಬೆಂದ ಆಲೂಗಡ್ಡೆಯನ್ನು ಹುಳಿಹಾಲಿನ ಜೊತೆ ನಾದಿ, ಮೂರು ನಾಲ್ಕು ದಿನ ಮುಚ್ಚಿಟ್ಟು, ಮತ್ತೆ ನಾದಿ, ಸಣ್ಣ ಬುಟ್ಟಿಗಳಲ್ಲಿ ನೀರು ಬಸಿದು, ನೆರಳಲ್ಲಿ ಒಣಗಿಸಿ ಮಾಗಿಸುತ್ತಿದ್ದ ಚೀಸಿನ ವಿವರ 19ನೇ ಶತಮಾನದ ಕೃಷಿ ಪತ್ರಿಕೆಗಳಲ್ಲಿ ಸಿಗುತ್ತದೆ. ಅಂದರೆ ಆಲೂಗಡ್ಡೆಯನ್ನೂ ಹಾಲನ್ನೂ ಕೂಡಿಸಿ ಮಾಡುವ ಕಲೆ ಆ ನಾಡಿನಲ್ಲಿ ಇತ್ತು. ಎರ್ಡೆಪ್ಫೆಲ್‌ಕಾಸ್ ಹುದುಗಿಸದೆ, ಮಾಡಿದ ದಿನವೇ ತಿನ್ನುವ ತಿನಿಸು. ಅದಕ್ಕೆ ಅದರದೇ ಮರ್ಯಾದೆ ಇದೆ.

ಮಾಡುವುದು ಹೇಗೆ ಎಂದು ನನಗೆ ಕಲಿಸಿದ್ದು ನಾನಿದ್ದ ಮನೆಯ ಒಡತಿ. ಎಂಬತ್ತು ದಾಟಿದ ಅಜ್ಜಿ. ಅವರ ಅಡುಗೆಮನೆಯಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಮೊದಲು ಗಡ್ಡೆಯ ಆಯ್ಕೆ. ಅಲ್ಲಿನ ಅಂಗಡಿಯಲ್ಲಿ ಆಲೂಗಡ್ಡೆ ಚೀಲದ ಮೇಲೆ ಅದು ಯಾವ ಬಗೆಯದು ಎಂದು ಬರೆದಿರುತ್ತದೆ. 'ಸ್ಪೆಕಿಗ್' ಎಂದರೆ ಬೆಂದರೂ ಒಡೆಯದೆ ಗಟ್ಟಿಯಾಗಿ ನಿಲ್ಲುವ ಗಡ್ಡೆ, ಸಾಲಡ್‌ಗೆ. 'ಮೇಲಿಗ್' ಎಂದರೆ ಬೆಂದ ಮೇಲೆ ಹಿಟ್ಟು ಹಿಟ್ಟಾಗಿ ಉದುರುವ ಗಡ್ಡೆ, ಅದರಲ್ಲಿ ಪಿಷ್ಟ ಹೆಚ್ಚು. ಈ ತಿನಿಸಿಗೆ ಮೇಲಿಗ್ ಆಗಬೇಕು. ಅರ್ಧ ಕಿಲೋ ಗಡ್ಡೆ, ಒಂದು ಸಣ್ಣ ಈರುಳ್ಳಿ, ಒಂದು ಲೋಟ ಹುಳಿಕೆನೆ, ಅಂದರೆ 250 ಗ್ರಾಂ. ಹುಳಿಕೆನೆ ಅಂದರೆ ಕೆನೆಗೆ ಹೆಪ್ಪು ಹಾಕಿದ್ದು, ನಮ್ಮ ಕೆನೆಮೊಸರು ಅಂದುಕೊಳ್ಳಿ, ಇನ್ನೂ ಗಟ್ಟಿ, ಇನ್ನೂ ಸೌಮ್ಯ.

ಗಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಬೇಕು. ಸಿಪ್ಪೆ ತೆಗೆದು ಬೇಯಿಸಿದರೆ ನೀರು ಕುಡಿಯುತ್ತದೆ. ಬೆಂದ ಕೂಡಲೇ ನೀರು ಬಸಿದು, ಬಿಸಿ ಇರುವಾಗಲೇ ಸಿಪ್ಪೆ ಸುಲಿಯಬೇಕು. ಅಜ್ಜಿ ಗಡ್ಡೆಯನ್ನು ಫೋರ್ಕಿಗೆ ಚುಚ್ಚಿ ಎಡಗೈಯಲ್ಲಿ ಹಿಡಿದು, ಬಲಗೈಯ ಪುಟ್ಟ ಚಾಕುವಿನಿಂದ ಸಿಪ್ಪೆಯನ್ನು ಪಟ್ಟಿ ಪಟ್ಟಿಯಾಗಿ ಎಳೆಯುತ್ತಿದ್ದರು. ಆಮೇಲೆ ಐದು ನಿಮಿಷ ಹಾಗೇ ಬಿಟ್ಟರು. ಗಡ್ಡೆಯಿಂದ ಆವಿ ಏಳುತ್ತಿತ್ತು. ನಾನು ಕೈ ಹಾಕಲು ಹೋದೆ. 'ಇರು, ಇನ್ನೂ ಉಸಿರು ಬಿಡುತ್ತಿದೆ' ಎಂದರು. ಆವಿಯ ರೂಪದಲ್ಲಿ ನೀರು ಹೋದಷ್ಟೂ ಕೆನೆಗೆ ಜಾಗ.

ಆಮೇಲೆ ಒತ್ತುವುದು. ನಮ್ಮ ಶ್ಯಾವಿಗೆ ಒರಳಿನ ಹಾಗೆ ಒಂದು ಕೈ ಒರಳು ಅಲ್ಲಿನ ಎಲ್ಲ ಮನೆಯಲ್ಲೂ ಇರುತ್ತದೆ. ಅದರಲ್ಲಿ ಗಡ್ಡೆ ಹಾಕಿ ಅದುಮಿದರೆ ಎಳೆ ಎಳೆಯಾಗಿ ಬೀಳುತ್ತದೆ. ಆದರೆ ಅಜ್ಜಿ ಮುಕ್ಕಾಲು ಪಾಲನ್ನು ಒರಳಿಗೆ ಹಾಕಿ, ಕಾಲು ಪಾಲನ್ನು ಫೋರ್ಕಿನಿಂದ ಒರಟಾಗಿ ಹಿಚುಕುತ್ತಿದ್ದರು. ಹಲ್ಲಿಗೆ ಅಲ್ಲಲ್ಲಿ ಒಂದೊಂದು ತುಣುಕು ಸಿಗಬೇಕು. ಮಿಕ್ಸಿ ಮಾತ್ರ ಕೂಡದು. ಇದರಲ್ಲಿ ವಿಜ್ಞಾನವೂ ಇದೆ. ಬೆಂದ ಗಡ್ಡೆಯ ಕೋಶಗಳೊಳಗೆ ಪಿಷ್ಟ ನೀರು ಹೀರಿ ಉಬ್ಬಿ ಕೂತಿರುತ್ತದೆ. ಮೆಲ್ಲಗೆ ಒತ್ತಿದರೆ ಕೋಶಗಳು ಒಂದರಿಂದ ಒಂದು ಬಿಡಿಸಿಕೊಳ್ಳುತ್ತವೆ ಅಷ್ಟೆ, ಒಡೆಯುವುದಿಲ್ಲ. ಬ್ಲೇಡು ಹಾಯಿಸಿದರೆ ಕೋಶ ಹರಿದು ಪಿಷ್ಟ ಹೊರಗೆ ಚೆಲ್ಲಿ ಎಲ್ಲವೂ ಗೋಂದಿನಂತೆ ಅಂಟುತ್ತದೆ. ಹಾಗೆ ಅಂಟಾದ ಮೇಲೆ ಅದನ್ನು ಸರಿಮಾಡುವ ದಾರಿ ಇಲ್ಲ. ಒಮ್ಮೆ ನಾನೇ ಅವಸರದಲ್ಲಿ ಮಿಕ್ಸಿಗೆ ಹಾಕಿ ಅರ್ಧ ಕಿಲೋ ಕೆಡಿಸಿದ್ದೇನೆ.

ಹುಳಿಕೆನೆ ಹಾಕುವುದು ಗಡ್ಡೆ ಆರಿದ ಮೇಲೆ. ಬಿಸಿಯಲ್ಲಿ ಹಾಕಿದರೆ ಕೆನೆ ನೀರಾಗುತ್ತದೆ. ಈರುಳ್ಳಿಯನ್ನು ಎಷ್ಟು ಸಣ್ಣಗೆ ಹೆಚ್ಚುತ್ತಿದ್ದರು ಅಂದರೆ ಬ್ರೆಡ್ಡಿನ ಮೇಲೆ ಅದು ಕಣ್ಣಿಗೆ ಕಾಣುತ್ತಿರಲಿಲ್ಲ, ನಾಲಿಗೆಗೆ ಮಾತ್ರ ಸಿಗುತ್ತಿತ್ತು. ಉಪ್ಪು, ಕಾಳುಮೆಣಸಿನ ಪುಡಿ. ಮೇಲೆ ಷ್ನಿಟ್‌ಲೌಖ್, ಈರುಳ್ಳಿ ಜಾತಿಯದೇ ಸೂಜಿಯಂಥ ಹಸಿರು ಎಲೆ, ಕತ್ತರಿಯಲ್ಲಿ ಕತ್ತರಿಸಿ ಉದುರಿಸುವುದು. ಒಂದು ಗಂಟೆ ತಣ್ಣಗಿಟ್ಟರೆ ಈರುಳ್ಳಿಯ ಖಾರ ಗಡ್ಡೆಗೆ ಇಳಿಯುತ್ತದೆ. ಅದಕ್ಕೂ ಮುಂಚೆ ಅಜ್ಜಿ ಬಟ್ಟಲನ್ನು ಮೇಜಿಗೆ ತರುತ್ತಲೇ ಇರಲಿಲ್ಲ.

ಇದನ್ನೆಲ್ಲ ಬಿಡಿಸಿ ಹೇಳಿದ್ದಕ್ಕೆ ಕಾರಣ ಇದೆ. ಬಡವರ ತಿನಿಸು ಅಂದ ಕೂಡಲೇ ಅದರಲ್ಲಿ ಕೈಚಳಕ ಏನಿದ್ದೀತು ಎಂಬ ಭಾವನೆ ಜನರಲ್ಲಿ ಬರುತ್ತದೆ. ಆಸ್ಟ್ರಿಯಾದ ಅಡುಗೆ ಅಂದರೆ ಷ್ನಿಟ್ಸೆಲ್, ಚಾಕಲೇಟ್ ಕೇಕು ಎಂದು ಪ್ರವಾಸಿಗರಿಗೆ ಹೇಳುತ್ತಾರೆ. ಮನೆ ಮನೆಯ ಸಂಜೆಯ ಮೇಜಿನ ಮೇಲೆ ಇರುವುದು ಈ ಬಟ್ಟಲು. ಅದರ ಪ್ರತಿ ಹೆಜ್ಜೆಗೂ ಒಂದು ಕಾರಣವಿದೆ, ಆ ಕಾರಣವನ್ನು ಅಡುಗೆಮನೆಯ ಹೆಂಗಸರು ಪುಸ್ತಕ ಓದದೆ ಕಂಡುಕೊಂಡಿದ್ದಾರೆ.

ಆಲೂಗಡ್ಡೆ ಆ ದೇಶಕ್ಕೆ ಹೋದ ಕತೆಯೂ ನಿಧಾನದ ಕತೆ. ವಿಯೆನ್ನಾದಲ್ಲಿ ಚಕ್ರವರ್ತಿಯ ತೋಟ ನೋಡಿಕೊಂಡಿದ್ದ ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್‌ಗೆ 1588ರಲ್ಲಿ ಎರಡೇ ಎರಡು ಗಡ್ಡೆ ಬಂದವು. ಬೆಲ್ಜಿಯಂನ ಮೋನ್ಸ್ ಊರಿನ ಆಡಳಿತಗಾರನೊಬ್ಬ ಕಳಿಸಿದ್ದು. ಕ್ಲೂಸಿಯಸ್ 1601ರ ತನ್ನ ದೊಡ್ಡ ಗ್ರಂಥದಲ್ಲಿ ಅದನ್ನು ವರ್ಣಿಸಿದ. ಸೈಟೆನ್‌ಷ್ಟೆಟ್ಟನ್ ಮಠದ ಮಠಾಧೀಶ ಕಾಸ್ಪರ್ ಪ್ಲೌಟ್ಸ್ 1621ರಲ್ಲಿ ಅಚ್ಚಾದ ಪುಸ್ತಕದಲ್ಲಿ ಅದನ್ನು ತಿನ್ನುವ ಬಗೆಯನ್ನೂ ಬರೆದ. ಆದರೂ ರೈತರು ಹೊಲಕ್ಕೆ ಇಳಿಸಲಿಲ್ಲ. 1761ರಲ್ಲಿ ಪ್ರಿಂಟ್ಸೆನ್‌ಡೋರ್ಫ್ ಎಂಬ ಹಳ್ಳಿಯ ಪಾದ್ರಿ ಯೋಹಾನ್ ಎಬರ್‌ಹಾರ್ಡ್ ಯುಂಗ್‌ಬ್ಲೂಟ್ ಅದನ್ನು ತರಿಸಿ ಬೆಳೆಸಿದ. ಆ ಹಳ್ಳಿಯಲ್ಲಿ ಇವತ್ತಿಗೂ ಆಲೂಗಡ್ಡೆಯ ನೆನಪಿಗೆ ಒಂದು ಸ್ಮಾರಕವಿದೆ. 1770ರಿಂದ 72ರವರೆಗೆ, ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ, ಇಂದಿನ ಚೆಕ್ ದೇಶದ ಬೊಹೀಮಿಯಾದಲ್ಲಿ ಭೀಕರ ಕ್ಷಾಮ ಬಂತು, ಆಗ ಜನರಿಗೆ ಇದರ ಬೆಲೆ ತಿಳಿಯಿತು.

ಇನ್ನೂರು ವರ್ಷ ಯಾಕೆ ಬೇಕಾಯಿತು? ನನಗೆ ತೋರುವ ಒಂದು ಕಾರಣ ಬ್ರೆಡ್ಡು. ಅಲ್ಲಿನವರಿಗೆ ಊಟ ಅಂದರೆ ಬ್ರೆಡ್ಡು, ನಮಗೆ ಅನ್ನ, ಮುದ್ದೆ ಇದ್ದ ಹಾಗೆ. ರೈ, ಗೋಧಿ ಬೀಸಿದರೆ ಹಿಟ್ಟಾಗುತ್ತದೆ, ಹುದುಗಿದರೆ ಉಬ್ಬುತ್ತದೆ, ಸುಟ್ಟರೆ ವಾರಗಟ್ಟಲೆ ಇರುತ್ತದೆ. ಆಲೂಗಡ್ಡೆ ಹಿಟ್ಟು ತಾನೊಂದೇ ಉಬ್ಬುವುದಿಲ್ಲ. ಬ್ರೆಡ್ಡಾಗದ ಬೆಳೆಯನ್ನು ರೈತ ನಂಬಲಿಲ್ಲ. ಹಾಗಾಗಿ ಬ್ರೆಡ್ಡಿನ ಮೇಲೆ ದಪ್ಪಗೆ ಕೂತ ಆಲೂಗಡ್ಡೆಯನ್ನು ಕಂಡಾಗಲೆಲ್ಲ, ಇದು ಕೊನೆಗೂ ಆ ಮನೆಯೊಳಗೆ ಬಂದು ಕೂತಿತಲ್ಲ ಎಂದು ನನಗೆ ಸಂತೋಷವಾಗುತ್ತದೆ.

ಈಗ ನಾನಿದ್ದ ಊರಿನ ಕತೆ. 1777ರ ಡಿಸೆಂಬರ್ ಕೊನೆಗೆ ಬವೇರಿಯಾದ ದೊರೆ ಮಕ್ಕಳಿಲ್ಲದೆ ತೀರಿಕೊಂಡ. ಆಸ್ಟ್ರಿಯಾದ ಅರಸು ಮನೆತನದ ಚಕ್ರವರ್ತಿ ಎರಡನೇ ಯೋಸೆಫ್ ಬವೇರಿಯಾದ ಮೇಲೆ ಹಕ್ಕು ಹೂಡಿದ. ಅದನ್ನು ತಡೆಯಲು ಉತ್ತರ ಜರ್ಮನಿಯ ಪ್ರಷ್ಯಾ ರಾಜ್ಯದ ದೊರೆ ಫ್ರೆಡರಿಕ್ 1778ರ ಜುಲೈಯಲ್ಲಿ ಬೊಹೀಮಿಯಾಕ್ಕೆ ಸೇನೆ ನುಗ್ಗಿಸಿದ. ಎರಡೂ ಕಡೆ ಭಾರೀ ಸೈನ್ಯ, ಆದರೆ ದೊಡ್ಡ ಕಾಳಗ ಅಂತ ಒಂದೂ ನಡೆಯಲಿಲ್ಲ. ಬದಲಿಗೆ ಹಸಿವು, ಭೇದಿ, ಜ್ವರ. ಸಾವಿರಾರು ಸೈನಿಕರು ರೋಗದಿಂದಲೇ ಸತ್ತರು. ಬದುಕಿದವರು ರೈತರ ಹೊಲಕ್ಕೆ ನುಗ್ಗಿ ಆಲೂಗಡ್ಡೆ ಅಗೆದು ತಿಂದರು. ಪ್ರಷ್ಯಾದವರು ಆ ಯುದ್ಧಕ್ಕೆ ಆಲೂಗಡ್ಡೆ ಯುದ್ಧ ಎಂದೇ ಹೆಸರಿಟ್ಟರು. ಆಸ್ಟ್ರಿಯಾದವರ ಬಾಯಲ್ಲಿ ಅದು ಪ್ಲಮ್ ಹಣ್ಣಿನ ಗಲಾಟೆ. ಯಾರ ಹೊಲದ ಗಡ್ಡೆ ಅದು, ಆ ಚಳಿಗಾಲಕ್ಕೆ ಆ ಮನೆಯವರು ಏನು ತಿಂದರು ಎನ್ನುವುದನ್ನು ಮಾತ್ರ ಯುದ್ಧದ ಹೆಸರು ಹೇಳುವುದಿಲ್ಲ. ಅಂಗಮಾರಿ ಹೊಡೆದ ವರ್ಷ ಇಲ್ಲಿನ ಮನೆಗಳು ಹೇಗಿರುತ್ತವೆ ಎಂದು ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

1779ರ ಮೇ 13ರಂದು ಟೆಷೆನ್ ಊರಿನಲ್ಲಿ ಒಪ್ಪಂದವಾಯಿತು. ಇಡೀ ಬವೇರಿಯಾ ಬೇಕೆಂದಿದ್ದ ಯೋಸೆಫ್‌ಗೆ ದಕ್ಕಿದ್ದು ಇನ್ ನದಿಯ ಪೂರ್ವದ ಒಂದು ತುಂಡು ನೆಲ. ಬ್ರೌನೌ, ರೀಡ್, ಷೇರ್ಡಿಂಗ್ ಇರುವ ಆ ನೆಲಕ್ಕೆ ಇನ್‌ಫಿರ್ಟೆಲ್ ಎಂದು ಹೆಸರಾಯಿತು. ನಡುವೆ ನೆಪೋಲಿಯನ್ ಕಾಲದಲ್ಲಿ ಕೆಲವು ವರ್ಷ ಮತ್ತೆ ಬವೇರಿಯಾಕ್ಕೆ ಹೋಗಿ, 1816ರಲ್ಲಿ ತಿರುಗಿ ಬಂತು. ಹೀಗೆ ಆಲೂಗಡ್ಡೆ ಯುದ್ಧದ ಗೆರೆ ಬಿದ್ದದ್ದು ಸರಿಯಾಗಿ ಎರ್ಡೆಪ್ಫೆಲ್‌ಕಾಸ್ ತಿನ್ನುವ ಜನರ ನಡುವೆ. ಈ ದಡದ ಇನ್‌ಫಿರ್ಟೆಲ್‌ನಲ್ಲೂ ಇದೇ ಬಟ್ಟಲು, ಆ ದಡದ ಕೆಳ ಬವೇರಿಯಾದಲ್ಲೂ ಇದೇ ಬಟ್ಟಲು. ಹೆಸರೂ ಅದೇ, ಆಡುಮಾತೂ ಅದೇ.

ಮನೆಯೊಡತಿ ಅಜ್ಜಿಯ ತಂಗಿಯನ್ನು ಸೇತುವೆಯ ಆಚೆಗಿನ ನೊಯ್‌ಹೌಸ್‌ಗೆ ಕೊಟ್ಟಿದ್ದರು. ಒಂದೇ ತಾಯಿಯ ಕೈಯಲ್ಲಿ ಕಲಿತವರು. ಅಕ್ಕ ಶಾಜೀರಿಗೆ ಹಾಕುವುದಿಲ್ಲ, ತಂಗಿ ಹಾಕದೆ ಬಿಡುವುದಿಲ್ಲ. ಶಾಜೀರಿಗೆ ಅಂದರೆ ಅಲ್ಲಿನ ಹುಲ್ಲುಗಾವಲಲ್ಲಿ ತಾನಾಗಿ ಬೆಳೆಯುವ ಕ್ಯುಮ್ಮೆಲ್, ನಮ್ಮ ಜೀರಿಗೆಯ ದಾಯಾದಿ. 'ಅದು ಆ ಕಡೆಯವರ ರೂಢಿ' ಎಂದು ಅಕ್ಕ ಹೇಳುತ್ತಿದ್ದರು. ತಂಗಿಯನ್ನು ಕೇಳಿದರೆ 'ನಮ್ಮಮ್ಮ ಹಾಕುತ್ತಿದ್ದಳು, ಅವಳು ಮರೆತಿದ್ದಾಳೆ' ಎನ್ನುವ ಉತ್ತರ. ಇಬ್ಬರ ಬಟ್ಟಲನ್ನೂ ನಾನು ಖಾಲಿ ಮಾಡಿದ್ದೇನೆ. ಗಡಿಯಲ್ಲಿ ಕಾಯಂ ತಪಾಸಣೆ ಇದ್ದ ಕಾಲದಲ್ಲಿ, ಅಂದರೆ 1998ರವರೆಗೆ, ತಂಗಿಯ ಮನೆಗೆ ಹೋಗಲು ಗುರುತಿನ ಚೀಟಿ ತೋರಿಸಬೇಕಿತ್ತು ಎಂದು ಅಜ್ಜಿ ನೆನೆಯುತ್ತಿದ್ದರು.

ಅದೇ ಯೋಸೆಫ್‌ನ ಇನ್ನೊಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. 1784ರ ಆಗಸ್ಟ್‌ನಲ್ಲಿ ಅವನು ಒಂದು ಆಜ್ಞೆ ಹೊರಡಿಸಿದ: ರೈತರು ತಾವೇ ಬೆಳೆದು ಮಾಡಿದ ಆಹಾರ, ವೈನು, ಹಣ್ಣಿನ ಮೊಸ್ಟ್ ಇವನ್ನು ವರ್ಷದ ಯಾವ ಕಾಲದಲ್ಲಾದರೂ ತಮಗೆ ಬೇಕಾದ ಬೆಲೆಗೆ ಮಾರಬಹುದು. ತೋಟದ ಮನೆಯಲ್ಲೇ ಮೇಜು ಹಾಕಿ ಬಡಿಸುವ ಪದ್ಧತಿಗೆ ಬಲ ಬಂದದ್ದು ಅದರಿಂದ. ಇಂಥ ಮನೆಗಳು ಬಿಸಿ ಅಡುಗೆ ಮಾಡಿ ಬಡಿಸುವಂತಿಲ್ಲ, ತಣ್ಣನೆಯ ತಿನಿಸು ಮಾತ್ರ ಎನ್ನುವ ಕಟ್ಟಳೆ ಆಸ್ಟ್ರಿಯಾದ ಬಹುಪಾಲು ಕಡೆ ಇದೆ. ಒಲೆ ಹಚ್ಚದೆ ಬಡಿಸಬೇಕು, ಹೊಲದಿಂದ ಬಂದದ್ದೇ ಆಗಬೇಕು, ಕುಡಿಯುವವರ ಹೊಟ್ಟೆಗೂ ಆಧಾರವಾಗಬೇಕು. ಬೆಳಗ್ಗೆ ಬೇಯಿಸಿ ಸಂಜೆ ಸವರಿ ಕೊಡುವ ಆಲೂಗಡ್ಡೆಗೆ ಇದಕ್ಕಿಂತ ಒಳ್ಳೆಯ ನೆಲೆ ಎಲ್ಲಿ ಸಿಕ್ಕೀತು? ಮೊದಲ ವಾರ ನಾನು ಊಟ ಮಾಡಿದ ತೋಟದ ಮನೆಯೂ ಅಂಥದ್ದೇ.

ಹೆಸರಿನ ವಿಷಯದಲ್ಲಿ ಇನ್ನೊಂದೇ ಮಾತು. 1995ರಲ್ಲಿ ಆಸ್ಟ್ರಿಯಾ ಐರೋಪ್ಯ ಒಕ್ಕೂಟ ಸೇರುವಾಗ ಜನರಿಗೆ ಭಯವಿತ್ತು, ಜರ್ಮನಿಯವರ ಪದಗಳು ನಮ್ಮ ಊಟದ ಪದಗಳನ್ನು ನುಂಗಿಬಿಡುತ್ತವೆ ಎಂದು. 'ಎರ್ಡೆಪ್ಫೆಲ್ ಸಾಲಡ್ ಎರ್ಡೆಪ್ಫೆಲ್ ಸಾಲಡ್ ಆಗಿಯೇ ಉಳಿಯುತ್ತದೆ' ಎನ್ನುವ ಭರವಸೆ ಆಗಿನ ಘೋಷಣೆಯಾಗಿತ್ತು. ಕೊನೆಗೆ ಸೇರ್ಪಡೆಯ ಒಪ್ಪಂದಕ್ಕೆ 23 ಆಸ್ಟ್ರಿಯನ್ ಪದಗಳ ಪಟ್ಟಿಯೊಂದನ್ನು ಸೇರಿಸಿ ಕಾನೂನಿನ ರಕ್ಷಣೆ ಕೊಟ್ಟರು. ಎಲ್ಲವೂ ತಿನ್ನುವ ವಸ್ತುಗಳ ಹೆಸರೇ, ಎರ್ಡೆಪ್ಫೆಲ್ ಅದರಲ್ಲಿ ಒಂದು. ತಮ್ಮ ಮಾತಿನ 23 ಪದಕ್ಕಾಗಿ ಒಂದು ದೇಶ ಪಟ್ಟು ಹಿಡಿದು ಕೂತಿತು ಎನ್ನುವುದನ್ನು ಕನ್ನಡಿಗನಾಗಿ ನಾನು ಗೌರವದಿಂದ ನೆನೆಯುತ್ತೇನೆ. ಆ ದಡದ ಬವೇರಿಯಾದ ರೈತನೂ ಮನೆಯಲ್ಲಿ ಎರ್ಡೆಪ್ಫೆಲ್ ಅಂತಲೇ ಅನ್ನುತ್ತಾನೆ, ಅವನ ಪದಕ್ಕೆ ಮಾತ್ರ ಯಾವ ಪಟ್ಟಿಯೂ ಇಲ್ಲ.

ಮಾತು ಮುಗಿಸುವ ಹೊತ್ತಿಗೆ ಮುಂದಿನ ಸಾಲಿನಲ್ಲಿ ಕೂತಿದ್ದ ತಾಯಿಯೊಬ್ಬರು ಕೇಳಿದರು: 'ಎಲ್ಲಾ ಸರಿ ಕಣಪ್ಪ, ಇದು ನಮ್ಮ ಆಲೂಗಡ್ಡೆ ಮೊಸರುಬಜ್ಜಿ ಇದ್ದಂಗೇ ಐತೆ. ಒಗ್ಗರಣೆ ಹಾಕಲ್ವಾ ಅವ್ರು?'

ಹಾಕುವುದಿಲ್ಲ ಅಮ್ಮ. ಆದರೆ ನಾನು ಒಮ್ಮೆ ಹಾಕಿದ್ದೆ. ಊರಿಗೆ ಹೊರಡುವ ಮುಂಚಿನ ವಾರ, ಅಜ್ಜಿಯ ಅಡುಗೆಮನೆಯಲ್ಲೇ. ಗಡ್ಡೆ ಬೇಯಿಸಿ ಒತ್ತಿದ್ದೆಲ್ಲ ಅವರು, ಕೆನೆ ಕಲಸಿದ್ದು ಅವರು. ನಾನು ಸಣ್ಣ ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ ಹಾಕಿದೆ. ಸಾಸಿವೆ ಅಂದರೆ ಅವರಿಗೆ ಬಾಟಲಿಯಲ್ಲಿ ಬರುವ ಹಳದಿ ಮುದ್ದೆ ಗೊತ್ತು, ಕಾಳು ಚಟಪಟ ಸಿಡಿದದ್ದನ್ನು ಕಂಡಿರಲಿಲ್ಲ. ಹಿಂದೆ ಸರಿದು ನಿಂತರು, ಆಮೇಲೆ ಹತ್ತಿರ ಬಂದು ಬಾಣಲೆಯೊಳಗೆ ಇಣುಕಿದರು. ಹಸಿಮೆಣಸಿನಕಾಯಿ, ಇಂಗು, ಊರಿಂದ ತಂದು ಒಣಗಿಹೋಗಿದ್ದ ನಾಲ್ಕು ಕರಿಬೇವು. ಬಟ್ಟಲಿನ ಮೇಲೆ ಸುರಿದಾಗ ಚೊಂಯ್ ಎಂದಿತು. ಕಪ್ಪು ಬ್ರೆಡ್ಡಿನ ಎರಡು ಚೂರಿಗೆ ಸವರಿಕೊಂಡು ನಿಧಾನವಾಗಿ ತಿಂದರು. ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಎದ್ದು ಒಂದು ಗಾಜಿನ ಜಾಡಿ ತೊಳೆದು ಒರೆಸಿ, ಉಳಿದದ್ದನ್ನೆಲ್ಲ ಅದಕ್ಕೆ ತುಂಬಿ, ಮುಚ್ಚಳ ಬಿಗಿದು ನನ್ನ ಕೈಗೆ ಕೊಟ್ಟರು.

'ಸೇತುವೆ ದಾಟಿ ಇದನ್ನು ಅವಳಿಗೆ ಕೊಟ್ಟು ಬಾ' ಎಂದರು. 'ಶಾಜೀರಿಗೆ ಹಾಕಬೇಡ ಅಂತ ಹೇಳು.'